ಪಟ, ಪದಕ ಮತ್ತು ಚರಿತ್ರೆ: ಎಂಡೆನ್ ನೌಕೆಯ ಕಪ್ತಾನ ಮುಲ್ಲರ್

ನಮ್ಮ ಮನೆಯ ಹಳೆಯ ಮರದ ಪೆಟ್ಟಿಗೆಯಲ್ಲಿ ಒಂದು ಭಾವಚಿತ್ರವಿದೆ. ಪಲ್ಟನಿನ ಉಡುಪು ತೊಟ್ಟು, ಎದೆಯ ಮೇಲೆ ಎರಡು ಪದಕಗಳನ್ನು ಧರಿಸಿ, ಕುರ್ಚಿಯ ಬೆನ್ನಿಗೆ ಕೈಯಿಟ್ಟು ನಿಂತ ತರುಣರೊಬ್ಬರ ಚಿತ್ರವದು. ನಮ್ಮ ಅಜ್ಜಿಗೆ ಇಬ್ಬರು ಅಣ್ಣಂದಿರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಇಬ್ಬರೂ ಸೇನೆಗೆ ಸೇರಿದರು. ಒಬ್ಬರು ಹಿಂದಿರುಗಿ ಬಂದರು, ಇನ್ನೊಬ್ಬರು ಬರಲಿಲ್ಲ. ಅಜ್ಜಿ ತೀರಿಕೊಂಡಾಗ ನಮ್ಮ ತಾಯಿಯವರಿನ್ನೂ ಬಾಲಕಿ. ಹಿಂದಿರುಗಿದ ಅಣ್ಣನವರೂ ಘಟ್ಟದ ತೋಟದ ಕೆಲಸಕ್ಕೆಂದು ಹೋದವರು ಮತ್ತೆ ಊರಿನ ಕಡೆ ಬಂದುದಿಲ್ಲ. ಹೀಗಾಗಿ ಚಿತ್ರದಲ್ಲಿರುವವರು ಇಬ್ಬರಲ್ಲಿ ಯಾರೆಂದು ಹೇಳಬಲ್ಲವರು ಮನೆಯಲ್ಲಿ ಉಳಿಯಲಿಲ್ಲ. ಯುದ್ಧದಲ್ಲಿ ಮಡಿದವರೇ ಇರಬೇಕೆಂದು ನಂಬಿ, ಮಹಾಲಯ ಅಮಾವಾಸ್ಯೆಯ ದಿನ ಆ ಪಟಕ್ಕೆ ಹೂವೇರಿಸುವ ಪದ್ಧತಿ ಬಹುಕಾಲ ನಡೆದುಬಂದಿತು.

ಆ ನಂಬಿಕೆ ಸರಿಯೇ ಎಂಬ ಪ್ರಶ್ನೆ ನಮ್ಮನ್ನು ಕಾಡಿದ್ದು ತಡವಾಗಿ. ಪಟವನ್ನೂ ಪದಕವನ್ನೂ ಓದುವ ವಿದ್ಯೆಯೊಂದು ಉಂಟೆಂದೂ, ಐರೋಪ್ಯ ದೇಶಗಳಲ್ಲಿ ಅನೇಕರು ಅದನ್ನು ಶ್ರದ್ಧೆಯಿಂದ ನಡೆಸುತ್ತಿರುವರೆಂದೂ ತಿಳಿದ ಮೇಲೆ, ಅದನ್ನು ಕಲಿಯಬೇಕೆಂಬ ಹಂಬಲ ಹುಟ್ಟಿತು. ಅರಿಯದುದನ್ನು ಓದುವ ಮುನ್ನ ಅರಿತುದರಲ್ಲಿ ಕೈಪಳಗಿಸಿಕೊಳ್ಳಬೇಕಷ್ಟೆ. ಆದುದರಿಂದ ದಿನಾಂಕಗಳೆಲ್ಲ ಸ್ಪಷ್ಟವಾಗಿ ತಿಳಿದಿರುವ ಒಬ್ಬ ಸೇನಾಧಿಕಾರಿಯ ಜೀವನವನ್ನು ಆರಿಸಿಕೊಂಡೆವು. ಅವನೇ ಎಂಡೆನ್ ಎಂಬ ಜರ್ಮನ್ ಯುದ್ಧನೌಕೆಯ ಕಪ್ತಾನ ಕಾರ್ಲ್ ಫಾನ್ ಮುಲ್ಲರ್.

ಪರದೇಶದ ಈ ಅಧಿಕಾರಿ ನಮ್ಮ ಗಡಿನಾಡಿಗೆ ತೀರ ಅಪರಿಚಿತನಲ್ಲ. 1914ರಲ್ಲಿ ಕಾಸರಗೋಡು, ವಯನಾಡು, ನೀಲಗಿರಿ, ಹೊಸೂರು, ತಾಳವಾಡಿ, ಆದೋನಿ, ರಾಯದುರ್ಗ, ಮಡಕಶಿರಾ ಇವೆಲ್ಲವೂ ಮದರಾಸು ಪ್ರಾಂತಕ್ಕೆ ಸೇರಿದ್ದುವು. ಆ ವರ್ಷದ ಸೆಪ್ಟೆಂಬರ್ 22ರ ರಾತ್ರಿ ಸುಮಾರು ಒಂಬತ್ತೂವರೆಯ ಹೊತ್ತಿಗೆ ನಮ್ಮ ಪ್ರಾಂತದ ರಾಜಧಾನಿಯ ಮೇಲೆಯೇ ಎಂಡೆನ್ ಗುಂಡಿನ ಮಳೆಗರೆಯಿತು. ಅರ್ಧ ಗಂಟೆಯೊಳಗೆ ನೂರಕ್ಕೂ ಮಿಕ್ಕಿದ ಗುಂಡುಗಳು ಹಾರಿದುವು. ಬರ್ಮಾ ಆಯಿಲ್ ಕಂಪೆನಿಯ ಎಣ್ಣೆಯ ತೊಟ್ಟಿಗಳು ಹೊತ್ತಿಕೊಂಡುವು. ಕೆಲವರು ಪ್ರಾಣ ಕಳೆದುಕೊಂಡರು. ಊರಿಗೆ ಊರೇ ಬೆದರಿ, ಅನೇಕರು ಮೂಟೆ ಕಟ್ಟಿಕೊಂಡು ಒಳನಾಡಿಗೆ ಹೊರಟರು. ಇಂದಿಗೂ ತಮಿಳರ ಆಡುಮಾತಿನಲ್ಲಿ ಎಂಡನ್ ಎಂದರೆ ಎದೆಗಾರನೂ ಚತುರನೂ ಆದವನು. ಮಲಯಾಳದಲ್ಲಿ ಬಲು ದೊಡ್ಡದಕ್ಕೆ ಎಮಂಡನ್ ಎನ್ನುವುದೂ ಈ ಹಡಗಿನಿಂದಲೇ ಎಂದು ಹೇಳುವುದುಂಟು. ಎರಡು ಭಾಷೆಗಳ ನೆರೆಯಲ್ಲಿ ಬಾಳುವ ನಾವು ಈ ಮಾತನ್ನು ಸಂತೆಯಲ್ಲಿಯೂ ಬಂದರಿನಲ್ಲಿಯೂ ಕೇಳಿದವರೇ. ಚೆನ್ನೈಯ ಉಚ್ಚ ನ್ಯಾಯಾಲಯದ ಆವರಣದಲ್ಲಿ ಆ ರಾತ್ರಿಯ ಗುಂಡೇಟಿನ ಸ್ಥಳವನ್ನು ತೋರಿಸುವ ಫಲಕವೊಂದಿದೆ.

ಮುಲ್ಲರನು ಹುಟ್ಟಿದ್ದು 1873ರ ಜೂನ್ 16ರಂದು, ಹ್ಯಾನೋವರಿನಲ್ಲಿ. 1891ರಲ್ಲಿ ಜರ್ಮನ್ ನೌಕಾಬಲಕ್ಕೆ ಸೇರಿದನು. ಪೂರ್ವ ಆಫ್ರಿಕದ ಕರಾವಳಿಯಲ್ಲಿ ಸೇವೆ ಸಲ್ಲಿಸುತ್ತಿದ್ದಾಗ ಹತ್ತಿದ ಮಲೇರಿಯ ಅವನನ್ನು ಕೊನೆಯವರೆಗೂ ಬಿಡಲಿಲ್ಲ. 1913ರಲ್ಲಿ ಎಂಡೆನ್ ನೌಕೆಯ ಅಧಿಪತ್ಯ ಅವನಿಗೆ ದೊರೆಯಿತು. 1914ರ ಜುಲೈ 31ರಂದು ಚೀನದ ತ್ಸಿಂಗ್‌ತಾವ್ ಬಂದರನ್ನು ಆ ನೌಕೆ ಬಿಟ್ಟಿತು. ಬಂಗಾಳ ಕೊಲ್ಲಿಯಲ್ಲಿಯೂ, ನಮ್ಮ ಪಶ್ಚಿಮ ಕರಾವಳಿಯಾಚೆಯ ಮಿನಿಕಾಯ್ ದ್ವೀಪದ ಸುತ್ತಮುತ್ತಲೂ ಇಪ್ಪತ್ತಕ್ಕೂ ಹೆಚ್ಚು ವ್ಯಾಪಾರದ ಹಡಗುಗಳನ್ನು ಹಿಡಿಯಿತು. ಅಕ್ಟೋಬರ್ 28ರಂದು ಪಿನಾಂಗಿನಲ್ಲಿ ರಷ್ಯದ ಒಂದು ಯುದ್ಧನೌಕೆಯನ್ನೂ ಫ್ರಾನ್ಸಿನ ಒಂದು ನೌಕೆಯನ್ನೂ ಮುಳುಗಿಸಿತು. ನವೆಂಬರ್ 9ರಂದು ಕೋಕೋಸ್ ದ್ವೀಪಗಳ ಬಳಿ ಆಸ್ಟ್ರೇಲಿಯದ ಸಿಡ್ನಿ ಎಂಬ ನೌಕೆ ಅದನ್ನು ಸದೆಬಡಿಯಿತು. ಎಂಡೆನ್ನಿನ ಫಿರಂಗಿಗಳ ಬಾಯಿ ನಾಲ್ಕು ಅಂಗುಲಕ್ಕೆ ಸ್ವಲ್ಪ ಹೆಚ್ಚು. ಸಿಡ್ನಿಯದು ಆರು ಅಂಗುಲ. ಮುಲ್ಲರನು ಜರ್ಝರಿತವಾದ ಹಡಗನ್ನು ಹವಳದ ದಿಬ್ಬಕ್ಕೆ ಏರಿಸಿ ನಿಲ್ಲಿಸಿದನು. ಅವನ ಕಡೆಯ 130ಕ್ಕೂ ಹೆಚ್ಚು ಮಂದಿ ಅಂದು ಮಡಿದರು. ಉಳಿದವರು ಸೆರೆಯಾದರು.

ಇನ್ನು ಪದಕಗಳ ವಿಚಾರ. ಜರ್ಮನ್ ಪದಕಗಳಲ್ಲಿ ಹೆಚ್ಚು ಪ್ರಸಿದ್ಧವಾದುದು ಐರನ್ ಕ್ರಾಸ್, ಎಂದರೆ ಕಬ್ಬಿಣದ ಶಿಲುಬೆ. ನೆಪೋಲಿಯನ್ನನ ವಿರುದ್ಧ ಹೋರಾಟ ನಡೆದಿದ್ದಾಗ, 1813ರಲ್ಲಿ, ಪ್ರಷ್ಯದ ಅರಸನು ಇದನ್ನು ಸ್ಥಾಪಿಸಿದನು. ಬೆಳ್ಳಿಯ ಅಂಚಿನೊಳಗೆ ಕಪ್ಪು ಕಬ್ಬಿಣದ ತಗಡು, ಇಷ್ಟೇ ಇದರ ವೈಭವ. 1870, 1914, 1939 ಈ ಮೂರು ಯುದ್ಧಗಳಲ್ಲಿ ಇದನ್ನು ಮತ್ತೆ ಚಾಲ್ತಿಗೆ ತಂದು, ಆಯಾ ಇಸವಿಯನ್ನು ಶಿಲುಬೆಯ ಕೆಳತೋಳಿನ ಮೇಲೆ ಮೂಡಿಸಿದರು. ಆದುದರಿಂದ ಚಿತ್ರ ನಿಚ್ಚಳವಾಗಿದ್ದರೆ ಯಾವ ಯುದ್ಧದ ಪದಕವೆಂಬುದನ್ನು ಅದೇ ಹೇಳಿಬಿಡುತ್ತದೆ. ಎರಡನೆಯ ದರ್ಜೆಯ ಶಿಲುಬೆ ಕಪ್ಪು ಬಿಳುಪಿನ ಪಟ್ಟಿಯಿಂದ ತೂಗುವುದು. ಸಾಮಾನ್ಯ ದಿನಗಳಲ್ಲಿ ಅಂಗಿಯ ಗುಂಡಿಯ ಕಾಜಿನಲ್ಲಿ ಆ ಪಟ್ಟಿಯ ತುಣುಕು ಮಾತ್ರ ಕಾಣಿಸುವುದು. ಮೊದಲನೆಯ ದರ್ಜೆಗೆ ಪಟ್ಟಿಯಿಲ್ಲ. ಅದನ್ನು ಎಡ ಎದೆಯ ಮೇಲೆ ನೇರವಾಗಿ ಚುಚ್ಚಿಕೊಳ್ಳುವರು. ಇವೆರಡಕ್ಕಿಂತ ಬಲು ಮೇಲಾದುದು ಪೂರ್ ಲ ಮೆರೀತ್ ಎಂಬ ಫ್ರೆಂಚ್ ಹೆಸರಿನ ಪದಕ. ಮಹಾನ್ ಫ್ರೆಡರಿಕನು 1740ರಲ್ಲಿ ಸ್ಥಾಪಿಸಿದ ಈ ನೀಲಿ ಮೀನಾಕಾರಿಯ ಶಿಲುಬೆಯನ್ನು ಕೊರಳಿಗೆ ಕಟ್ಟಿಕೊಳ್ಳುವರು. ಮೊದಲನೆಯ ಮಹಾಯುದ್ಧದಲ್ಲಿ ಎರಡನೆಯ ದರ್ಜೆಯ ಕಬ್ಬಿಣದ ಶಿಲುಬೆ ಐವತ್ತು ಲಕ್ಷದಷ್ಟು ಜನರ ಪಾಲಾದರೆ, ಪೂರ್ ಲ ಮೆರೀತ್ ಪಡೆದವರು ಏಳುನೂರಕ್ಕೂ ಕಡಿಮೆ. ಪದಕದ ಬೆಲೆಯನ್ನು ಅದರ ಹೊಳಪಿನಿಂದಲ್ಲ, ಅದು ಎಷ್ಟು ಜನರಿಗೆ ದೊರೆಯಿತೆಂಬುದರಿಂದ ಅಳೆಯಬೇಕು.

ಈ ಅಳತೆಗೋಲನ್ನು ಮುಲ್ಲರನಿಗೆ ಹಿಡಿದು ನೋಡೋಣ. 1913ರಲ್ಲಿ ಚೀನದ ಯಾಂಗ್‌ತ್ಸೆ ನದಿಯಲ್ಲಿ ಬಂಡಾಯಗಾರರ ಕೋಟೆಗಳೊಡನೆ ನಡೆದ ಕಾಳಗಕ್ಕಾಗಿ ಅವನಿಗೆ ಪ್ರಷ್ಯದ ಕಿರೀಟ ಪದಕ ಖಡ್ಗಸಹಿತವಾಗಿ ದೊರೆತಿತ್ತು. ಪದಕದ ಮೇಲೆ ಅಡ್ಡಲಾಗಿ ಎರಡು ಖಡ್ಗಗಳಿದ್ದರೆ ಅದು ಕಚೇರಿಯ ಸೇವೆಗಲ್ಲ, ಕಾಳಗಕ್ಕೆ ಸಂದುದು ಎಂದರ್ಥ. ಎಂಡೆನ್ನಿನ ಸಾಹಸಕ್ಕಾಗಿ ಕೈಸರನು ಅವನಿಗೆ ಕಬ್ಬಿಣದ ಶಿಲುಬೆಯ ಮೊದಲ ದರ್ಜೆಯನ್ನು ನೀಡಿದನು. ಆದರೆ ಆ ಪದಕ ಹಡಗನ್ನು ತಲುಪುವ ದಾರಿಯೇ ಇರಲಿಲ್ಲ. ಸಮುದ್ರದ ಮೇಲೆ ಸಂಚರಿಸಿದ ಆ ಮೂರು ತಿಂಗಳು, ಯಾವ ಕಾರ್ಯಕ್ಕಾಗಿ ಅವನು ಲೋಕಪ್ರಸಿದ್ಧನಾದನೋ ಆ ಕಾರ್ಯ ನಡೆಸುತ್ತಿದ್ದಾಗ, ಅವನ ಎದೆಯ ಮೇಲೆ ಅದರ ಗುರುತು ಒಂದೂ ಇರಲಿಲ್ಲ. ಮುಂದೆ ಮಾಲ್ಟಾದಲ್ಲಿಯೂ, 1916ರಿಂದ ಇಂಗ್ಲೆಂಡಿನಲ್ಲಿಯೂ ಅವನು ಸೆರೆಯಾಳು. 1917ರ ಸೆಪ್ಟೆಂಬರಿನಲ್ಲಿ ಸಟನ್ ಬಾನಿಂಗ್ಟನ್ ಶಿಬಿರದಿಂದ ಸುರಂಗ ತೋಡಿ ಸಂಗಡಿಗರೊಡನೆ ತಪ್ಪಿಸಿಕೊಂಡು, ಮತ್ತೆ ಸಿಕ್ಕಿಬಿದ್ದನು. ಪೂರ್ ಲ ಮೆರೀತ್ ಘೋಷಿತವಾದುದು 1918ರ ಮಾರ್ಚ್ 21ರಂದು. ಆದುದರಿಂದ ಕೊರಳಲ್ಲಿ ನೀಲಿ ಶಿಲುಬೆಯಿರುವ ಮುಲ್ಲರನ ಪಟವನ್ನು ತೋರಿಸಿ ಯಾರಾದರೂ ಇದು ಮದರಾಸಿಗೆ ಬಂದ ಕಾಲದ್ದು ಎಂದರೆ, ನಾವು ನಂಬಬೇಕಾಗಿಲ್ಲ. ಕಾರ್ಯ ಮೊದಲು, ಪದಕ ಆಮೇಲೆ, ಪಟ ಅದಕ್ಕೂ ಆಮೇಲೆ. ಈ ವಿದ್ಯೆಯ ಮೊದಲ ಸೂತ್ರ ಇದು.

ಎರಡನೆಯ ಸೂತ್ರ, ಕಣ್ಣಿಗೆ ಕಂಡುದನ್ನೆಲ್ಲ ಒಪ್ಪಬಾರದೆಂಬುದು. ಇದನ್ನು ಕಲಿಸಲು ಎಂಡೆನ್ ನೌಕೆಗಿಂತ ಒಳ್ಳೆಯ ಗುರುವಿಲ್ಲ. ಅದಕ್ಕಿದ್ದುದು ಮೂರು ಹೊಗೆಕೊಳವೆ. ಮುಲ್ಲರನು ನಾಲ್ಕನೆಯ ಹುಸಿ ಕೊಳವೆಯೊಂದನ್ನು ನಿಲ್ಲಿಸಿ, ದೂರದಿಂದ ನೋಡುವವರಿಗೆ ಇದು ಆಂಗ್ಲರದೇ ಹಡಗೆಂಬ ಭ್ರಮೆಯನ್ನುಂಟುಮಾಡಿದನು. ಹಡಗಿನಂತೆ ಪಟವೂ ಮೋಸಗೊಳಿಸಬಹುದು. ಅಚ್ಚುಹಾಕುವಾಗ ಗಾಜಿನ ಫಲಕವನ್ನು ತಿರುಗಿಸಿ ಇಟ್ಟರೆ ಎಡ ಬಲವಾಗುತ್ತದೆ. ಎಡ ಎದೆಯ ಪದಕ ಬಲಕ್ಕೆ ಬಂದಿದ್ದರೆ ಅಂಗಿಯ ಗುಂಡಿಗಳು ಯಾವ ಕಡೆಗಿವೆಯೆಂದು ನೋಡಬೇಕು. ಆ ಕಾಲದ ಫಲಕಗಳು ಬಣ್ಣಗಳ ವಿಷಯದಲ್ಲಿಯೂ ಸುಳ್ಳಾಡುತ್ತಿದ್ದುವು. ನೀಲಿ ಬಣ್ಣ ತೀರ ಬೆಳ್ಳಗೆ ಕಾಣಿಸುವುದು, ಹಳದಿ ಕೆಂಪುಗಳು ಕಪ್ಪಾಗಿ ಕಾಣಿಸುವುವು. ಕಡುನೀಲಿಯ ಪೂರ್ ಲ ಮೆರೀತ್ ಹಳೆಯ ಪಟದಲ್ಲಿ ಪೇಲವವಾಗಿ ತೋರಿದರೆ ಅಚ್ಚರಿಪಡಬೇಕಾಗಿಲ್ಲ. ತೋಳಿನ ಚಿನ್ನದ ಪಟ್ಟೆಗಳ ಮೇಲೆ ಕಿರೀಟವಿದ್ದರೆ ಆ ನೌಕಾಧಿಕಾರಿ ಕೈಸರನ ಕಾಲದವನು. ನಕ್ಷತ್ರವಿದ್ದರೆ ಸಾಮ್ರಾಜ್ಯ ಅಳಿದ ಮೇಲಿನವನು. ಪಟದ ಬೆನ್ನಿನ ಮೇಲಿನ ಛಾಯಾಗ್ರಾಹಕನ ಹೆಸರು, ಊರು, ಅಂಚೆಯ ಮುದ್ರೆ ಇವೂ ಸಾಕ್ಷಿಗಳೇ. ಬೆನ್ನನ್ನು ನೋಡದೆ ಮುಖವನ್ನು ಮಾತ್ರ ನೋಡುವವನು ಅರ್ಧ ಪಟವನ್ನಷ್ಟೇ ನೋಡಿದಂತೆ.

ಮೂರನೆಯ ಸೂತ್ರ, ಪಟ ಪದಕಗಳ ಸಾಕ್ಷ್ಯವನ್ನು ಕಾಗದದ ಸಾಕ್ಷ್ಯದೊಡನೆ ಹೋಲಿಸಿ ನೋಡಬೇಕೆಂಬುದು. ಕಬ್ಬಿಣದ ಶಿಲುಬೆಯ ಮೇಲೆ ಪಡೆದವನ ಹೆಸರಿರುವುದಿಲ್ಲ. ಜೊತೆಯಲ್ಲಿ ಕೊಟ್ಟ ಸನದು ಕಳೆದುಹೋದರೆ ಆ ಪದಕ ಅನಾಥ. ಆದರೆ ಜರ್ಮನರು ವರ್ಷ ವರ್ಷವೂ ತಮ್ಮ ಅಧಿಕಾರಿಗಳ ದರ್ಜೆ ಪಟ್ಟಿಯನ್ನು ಅಚ್ಚುಹಾಕಿಸಿ, ಪ್ರತಿಯೊಬ್ಬನ ಹೆಸರಿನ ಮುಂದೆ ಅವನು ಪಡೆದ ಪದಕಗಳನ್ನು ಸಂಕ್ಷೇಪಾಕ್ಷರಗಳಲ್ಲಿ ಸೂಚಿಸುತ್ತಿದ್ದರು. ಪಟದಲ್ಲಿನ ಪದಕಗಳ ಸಾಲನ್ನು ಈ ಪಟ್ಟಿಗಳೊಡನೆ ಹೋಲಿಸಿದರೆ ಹೆಸರಿಲ್ಲದ ಮುಖಕ್ಕೂ ಹೆಸರು ಹುಟ್ಟುವುದುಂಟು. 1945ರ ಏಪ್ರಿಲಿನಲ್ಲಿ ಪಾಟ್ಸ್‌ಡಾಮಿನ ಮೇಲೆ ನಡೆದ ವಿಮಾನದಾಳಿಯಲ್ಲಿ ಪ್ರಷ್ಯದ ಸೇನೆಯ ದಫ್ತರುಗಳ ಬಹುಭಾಗ ಉರಿದುಹೋಯಿತು. ಅಂದಿನಿಂದ ಆ ಸೇನೆಯ ಸಾವಿರಾರು ಅಧಿಕಾರಿಗಳ ಜೀವನವನ್ನು ಮತ್ತೆ ಕಟ್ಟಲು ಇಂಥ ಪಟ್ಟಿಗಳು, ಮನೆಮನೆಗಳಲ್ಲಿ ಉಳಿದ ಪಟಗಳು, ಪದಕಗಳೇ ಆಧಾರ. ನೌಕಾಬಲದ ದಫ್ತರುಗಳ ಅದೃಷ್ಟ ದೊಡ್ಡದು. ಅವು ಆಂಗ್ಲರ ಕೈಸೇರಿ, ಮುಂದೆ ಜರ್ಮನಿಗೆ ಹಿಂದಿರುಗಿ, ಈಗ ಫ್ರೈಬುರ್ಗಿನ ಸೇನಾ ಪತ್ರಾಗಾರದಲ್ಲಿವೆ.

ಎಂಡೆನ್ನಿಗೆ ಸಂಬಂಧಿಸಿದ ಪಟಗಳಲ್ಲಿ ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಕೋಕೋಸಿನ ಡೈರೆಕ್ಷನ್ ದ್ವೀಪದಲ್ಲಿ ತೆಗೆದ ಪಟ. ಅಲ್ಲಿಯ ತಂತಿ ಕಚೇರಿಯನ್ನು ಹಾಳುಗೆಡವಲು ಮುಲ್ಲರನು ಹೆಲ್ಮುತ್ ಫಾನ್ ಮ್ಯೂಕೆ ಎಂಬ ತನ್ನ ಕೈಕೆಳಗಿನ ಅಧಿಕಾರಿಯನ್ನು ಸುಮಾರು ಐವತ್ತು ಮಂದಿಯೊಡನೆ ದಡಕ್ಕೆ ಕಳುಹಿಸಿದ್ದನು. ಅಷ್ಟರಲ್ಲಿ ಸಿಡ್ನಿ ಬಂದಿತು, ಎಂಡೆನ್ ಅಳಿಯಿತು. ದಡದಲ್ಲಿ ಉಳಿದವರು ಆಯೇಷಾ ಎಂಬ ಹಾಯಿಹಡಗನ್ನು ವಶಪಡಿಸಿಕೊಂಡು, ಸುಮಾತ್ರದ ಮೂಲಕ ಅರೇಬಿಯಕ್ಕೆ ಹೋಗಿ, ಮರಳುಗಾಡನ್ನು ದಾಟಿ, 1915ರ ಮೇ ತಿಂಗಳಲ್ಲಿ ಕಾನ್‌ಸ್ಟಾಂಟಿನೋಪಲನ್ನು ಸೇರಿದರು. ಅವರು ದ್ವೀಪದ ಕಟ್ಟೆಯ ಮೇಲಿದ್ದಾಗ ತಂತಿ ಕಚೇರಿಯವರೇ ತೆಗೆದ ಪಟಗಳು ಉಳಿದಿವೆ. ಆ ನಾವಿಕರಿಗೆ ತಮ್ಮ ಮುಂದಿನ ಆರು ತಿಂಗಳು ಹೇಗಿರುವುದೆಂಬುದು ಗೊತ್ತಿಲ್ಲ. ನೋಡುವ ನಮಗೆ ಗೊತ್ತಿದೆ.

ಈ ಮ್ಯೂಕೆಯ ಎದೆಯ ಮೇಲೆಯೂ ಕಬ್ಬಿಣದ ಶಿಲುಬೆಯಿತ್ತು. ಆದರೆ ಬಾಳು ಎಂತಹ ದಾರಿ ಹಿಡಿಯಿತೆಂಬುದನ್ನು ಶಿಲುಬೆ ಹೇಳುವುದಿಲ್ಲ. ಅವನು ಮೊದಮೊದಲು ನಾಜಿ ಪಕ್ಷವನ್ನು ಸೇರಿ, ಮುಂದೆ ಅದರಿಂದ ಹೊರಬಂದು, ಶಾಂತಿವಾದಿಯಾಗಿ, ಆ ಸರಕಾರದ ಸೆರೆಮನೆಯನ್ನೂ ಕಂಡು, 1957ರಲ್ಲಿ ತೀರಿಕೊಂಡನು. ಪದಕವು ಒಂದು ದಿನದ ಮಾತನ್ನು ಹೇಳುತ್ತದೆ. ಮನುಷ್ಯನಿಗೆ ಆಮೇಲೆಯೂ ದಿನಗಳಿರುತ್ತವೆ.

ಸೋತ ಎಂಡೆನ್ನಿನಿಂದ ಗೆದ್ದವರಿಗೂ ಒಂದು ಪದಕ ಹುಟ್ಟಿತು. ಹಡಗಿನ ಅವಶೇಷದಲ್ಲಿ ಮೆಕ್ಸಿಕೋ ದೇಶದ ಬೆಳ್ಳಿಯ ಡಾಲರು ನಾಣ್ಯಗಳು ಸಿಕ್ಕಿದುವು. ಆಸ್ಟ್ರೇಲಿಯದವರು ಅವುಗಳಲ್ಲಿ ಸುಮಾರು ಸಾವಿರ ನಾಣ್ಯಗಳಿಗೆ ಕಿರೀಟದ ಆಕಾರದ ಕೊಂಡಿಯನ್ನಿಟ್ಟು, ಕಾಳಗದ ದಿನಾಂಕವನ್ನೂ ಎರಡು ಹಡಗುಗಳ ಹೆಸರನ್ನೂ ಮೂಡಿಸಿ, ಸಿಡ್ನಿಯ ನಾವಿಕರಿಗೆ ಹಂಚಿ, ಮಿಕ್ಕವನ್ನು ಮಾರಿದರು. ಜರ್ಮನರಾದರೋ ಮುಂದೆ ಕಟ್ಟಿದ ಎಂಡೆನ್ ಎಂಬ ಹೆಸರಿನ ಹಡಗಿನ ಮೂತಿಗೇ ದೊಡ್ಡದೊಂದು ಕಬ್ಬಿಣದ ಶಿಲುಬೆಯನ್ನು ಕೂರಿಸಿದರು. ಬದುಕಿ ಉಳಿದ ನಾವಿಕರಿಗೆ ತಮ್ಮ ಮನೆತನದ ಹೆಸರಿನೊಡನೆ ಎಂಡೆನ್ ಎಂಬುದನ್ನು ಸೇರಿಸಿಕೊಳ್ಳುವ ಹಕ್ಕೂ ದೊರೆಯಿತು.

ಇಷ್ಟೆಲ್ಲ ಪದಕಗಳ ನಡುವೆ ಯಾವುದಕ್ಕೆ ಪದಕವಿಲ್ಲವೆಂಬುದನ್ನೂ ಎಣಿಸಬೇಕು. ಮುಲ್ಲರನು ಹಡಗುಗಳನ್ನು ಮುಳುಗಿಸುವ ಮೊದಲು ಅವುಗಳ ಜನರನ್ನು ಇಳಿಸಿಕೊಳ್ಳುತ್ತಿದ್ದನು. ಕಬಿಂಗ ಎಂಬ ಹಡಗಿನಲ್ಲಿ ಕಪ್ತಾನನ ಹೆಂಡತಿ ಇದ್ದಳೆಂದು ಅದನ್ನು ಮುಳುಗಿಸದೆ, ಸೆರೆಯಾದವರನ್ನೆಲ್ಲ ಅದಕ್ಕೇ ಹತ್ತಿಸಿ ಬಿಟ್ಟುಕೊಟ್ಟನು. ಮಿನಿಕಾಯ್ ಬಳಿ ಸೆರೆಹಿಡಿದವರನ್ನು ಸೈಂಟ್ ಎಗ್ಬರ್ಟ್ ಎಂಬ ಹಡಗಿನಲ್ಲಿ ಕಳುಹಿಸಿದನು. ಅವರು ಸುಖವಾಗಿ ಕೊಚ್ಚಿಯನ್ನು ಸೇರಿದರು. ಶತ್ರುಗಳಾದ ಆಂಗ್ಲರೇ ಅವನನ್ನು ಮೆಚ್ಚಿ, ಸೆರೆಯಾದ ಅಧಿಕಾರಿಗಳು ತಮ್ಮ ಖಡ್ಗಗಳನ್ನು ಇಟ್ಟುಕೊಳ್ಳಬಹುದೆಂದು ಆಜ್ಞೆ ಮಾಡಿದರು. ಈ ದಯೆಗೆ ಕೈಸರನ ಭಂಡಾರದಲ್ಲಿ ಪದಕವಿರಲಿಲ್ಲ. ಅದೇ ಮುಲ್ಲರನ ಗುಂಡುಗಳಿಗೆ ಮದರಾಸಿನಲ್ಲಿ ಸತ್ತ ಬಡಪಾಯಿಗಳಿಗೂ ಯಾವ ಪದಕವೂ ಇಲ್ಲ, ಪಟವೂ ಇಲ್ಲ. ಯುದ್ಧ ಮುಗಿದ ಮೇಲೆ ತನ್ನ ಸಾಹಸದ ಪುಸ್ತಕ ಬರೆಯೆಂದು ಕೇಳಿದವರಿಗೆ, ಸಂಗಡಿಗರ ನೆತ್ತರಿನಿಂದ ಹಣ ಮಾಡಿಕೊಂಡಂತಾಗುವುದೆಂಬ ಭಾವನೆಯಿಂದ ಅವನು ಒಪ್ಪಲಿಲ್ಲ. 1923ರ ಮಾರ್ಚ್ 11ರಂದು ಬ್ಲಾಂಕೆನ್‌ಬುರ್ಗಿನಲ್ಲಿ, ಐವತ್ತು ತುಂಬುವ ಮುನ್ನವೇ, ಅವನು ತೀರಿಕೊಂಡನು.

ಹೀಗೆ ಕೈಪಳಗಿದ ಮೇಲೆ, ವಾಚಕರೆ, ನಾವು ನಮ್ಮ ಮನೆಯ ಪಟಕ್ಕೆ ಹಿಂದಿರುಗಿದೆವು. ಭೂತಕನ್ನಡಿಯನ್ನು ಹಿಡಿದು ನೋಡಿದಾಗ ಒಂದು ಪದಕ ನೇರವಾದ ಸರಳಿನಿಂದ ತೂಗುತ್ತಿರುವುದೂ, ಅದರ ಮೇಲೆ ಅರಸನ ತಲೆಯಿರುವುದೂ ಕಂಡಿತು. ಇನ್ನೊಂದು ಸಣ್ಣ ಬಳೆಯಿಂದ ತೂಗುತ್ತಿದೆ. ಮೇಲೆ ರೆಕ್ಕೆಯುಳ್ಳ ವಿಜಯದೇವಿ. ಮೊದಲನೆಯದು ಬೆಳ್ಳಿಯ ಬ್ರಿಟಿಷ್ ಯುದ್ಧ ಪದಕ, ಎರಡನೆಯದು ಕಂಚಿನ ವಿಜಯ ಪದಕ. ಇವೆರಡನ್ನೂ ಸ್ಥಾಪಿಸಿದ್ದು ಯುದ್ಧ ಮುಗಿದ ಮೇಲೆ, 1919ರಲ್ಲಿ. ಗುಂಡಿಗಳನ್ನು ನೋಡಿದೆವು, ಪಟ ತಿರುಗುಮುರುಗಾಗಿಲ್ಲ. ಪದಕಗಳಿರುವುದು ಎಡ ಎದೆಯ ಮೇಲೆ, ಎಂದರೆ ಅವು ಧರಿಸಿದವರದೇ. ಮಡಿದ ಬಂಧುವಿನ ಪದಕವನ್ನು ಬಲಕ್ಕೆ ಧರಿಸುವುದು ವಾಡಿಕೆ. ಯುದ್ಧದಲ್ಲಿ ಮಡಿದವರು 1919ರ ಪದಕವನ್ನು ಧರಿಸಿ ಪಟ ತೆಗೆಸಿಕೊಳ್ಳಲಾರರು. ನಾವು ವರ್ಷವರ್ಷವೂ ಹೂವೇರಿಸುತ್ತಿದ್ದ ಪಟ ಮಡಿದ ದೊಡ್ಡಜ್ಜನವರದಲ್ಲ, ಹಿಂದಿರುಗಿ ಬಂದವರದು. ಮಡಿದವರ ಮುಖ ನಮ್ಮ ಮನೆಯಲ್ಲಿ ಎಂದೂ ಇರಲಿಲ್ಲ.

ಅವರ ಹೆಸರನ್ನಾದರೂ ಪದಕ ಹೇಳುತ್ತಿತ್ತು. ಜರ್ಮನರ ಶಿಲುಬೆಯಂತಲ್ಲ ಇವು; ಯುದ್ಧ ಪದಕದ ಅಂಚಿನ ಮೇಲೆ ಸೈನಿಕನ ಸಂಖ್ಯೆ, ದರ್ಜೆ, ಹೆಸರು, ಪಲ್ಟನು ಎಲ್ಲವನ್ನೂ ಒತ್ತಿರುತ್ತಾರೆ. ಮಡಿದವರ ಪದಕವೂ ಮನೆಯವರಿಗೆ ಬರುತ್ತಿತ್ತು. ಆ ಒಂದು ಸಾಲಿನಿಂದ ಅವರು ಯಾವ ಪಲ್ಟನಿನಲ್ಲಿದ್ದರು, ಯಾವ ರಣರಂಗಕ್ಕೆ ಹೋದರು ಎಂಬುದನ್ನು ಹುಡುಕಬಹುದಾಗಿತ್ತು. ಆದರೆ ಮನೆಯಲ್ಲಿದ್ದ ಬೆಳ್ಳಿಯ ಬಿಲ್ಲೆಗಳು ಒಂದು ಕಷ್ಟದ ವರ್ಷದಲ್ಲಿ ಅಕ್ಕಸಾಲಿಗನ ಮೂಸೆಯನ್ನು ಸೇರಿ, ಮಗುವಿನ ಕಾಲ್ಗೆಜ್ಜೆಗಳಾದುವೆಂದು ತಾಯಿಯವರು ಹೇಳುತ್ತಿದ್ದರು. ಅದಕ್ಕಾಗಿ ನಾವು ಯಾರನ್ನೂ ದೂರುವುದಿಲ್ಲ. ಹಸಿದ ಮನೆಗೆ ಬೆಳ್ಳಿ ಬೆಳ್ಳಿಯೇ. ಆದರೆ ಕರಗಿಸುವ ಮುನ್ನ ಅಂಚಿನ ಮೇಲಿನ ಸಾಲನ್ನು ಒಂದು ಚೀಟಿಯಲ್ಲಿ ಬರೆದಿಟ್ಟಿದ್ದರೆ ಸಾಕಾಗಿತ್ತು.

ಗಡಿನಾಡಿನ ಕನ್ನಡಿಗರಾದ ನಮಗೆ ಈ ಮಾತು ಬೇರೆಯವರಿಗಿಂತ ಹೆಚ್ಚಾಗಿ ಅನ್ವಯಿಸುತ್ತದೆ. ಪ್ರಾಂತಗಳು ಬದಲಾದಂತೆ ನಮ್ಮ ದಫ್ತರುಗಳು ಒಂದು ರಾಜಧಾನಿಯಿಂದ ಇನ್ನೊಂದಕ್ಕೆ, ಒಂದು ಲಿಪಿಯಿಂದ ಇನ್ನೊಂದಕ್ಕೆ ಹೋದುವು. ನಮ್ಮ ಹಿರಿಯರ ಚರಿತ್ರೆ ಸರಕಾರದ ಕಪಾಟಿನಲ್ಲಿ ಭದ್ರವಾಗಿದೆಯೆಂದು ನಾವು ನೆಮ್ಮದಿಯಿಂದಿರುವಂತಿಲ್ಲ. ಅದು ನಮ್ಮ ನಮ್ಮ ಪೆಟ್ಟಿಗೆಗಳಲ್ಲಿದೆ. ಆದುದರಿಂದ ಈ ಸಂಚಿಕೆಯನ್ನು ಓದುವ ಪ್ರತಿಯೊಂದು ಮನೆಯವರಲ್ಲಿ ನಮ್ಮ ಬಿನ್ನಹವಿಷ್ಟೆ: ಇಂದು ಸಂಜೆ ಹಳೆಯ ಪಟಗಳನ್ನು ಹೊರತೆಗೆಯಿರಿ. ಹೇಳಬಲ್ಲ ಹಿರಿಯರು ಇರುವಾಗಲೇ ಕೇಳಿ, ಪ್ರತಿಯೊಂದು ಪಟದ ಬೆನ್ನಿನ ಮೇಲೆ, ಮುಖಕ್ಕೆ ಒತ್ತು ಮೂಡದಂತೆ ಸೀಸದ ಕಡ್ಡಿಯಿಂದ ಮೆಲ್ಲಗೆ, ಹೆಸರು, ಊರು, ತಿಳಿದಿದ್ದರೆ ಇಸವಿಯನ್ನು ಕನ್ನಡದಲ್ಲಿ ಬರೆಯಿರಿ. ಪದಕವಿದ್ದರೆ ಅದರ ಅಂಚನ್ನು ಓದಿ, ನಕಲು ಮಾಡಿಡಿರಿ.

ನಾವೂ ನಮ್ಮ ಪಟದ ಬೆನ್ನಿನ ಮೇಲೆ ಹಿಂದಿರುಗಿ ಬಂದ ದೊಡ್ಡಜ್ಜನವರ ಹೆಸರನ್ನು ಬರೆದಿದ್ದೇವೆ. ಅದರ ಕೆಳಗೆ ಇನ್ನೊಂದು ಸಾಲನ್ನು ಸೇರಿಸಿದ್ದೇವೆ: ಇವರ ಸೋದರರೊಬ್ಬರು ಯುದ್ಧದಿಂದ ಹಿಂದಿರುಗಲಿಲ್ಲ, ಅವರ ಪಟ ನಮ್ಮಲ್ಲಿಲ್ಲ. ಮಹಾಲಯದ ದಿನ ಈಗ ಹೂವನ್ನು ಆ ಸಾಲಿನ ಮೇಲೆ ಇಡುತ್ತೇವೆ.